ಕಲ್ಲಾನೆ ಕಾಯುವ ಸೇತುವೆ

ಜೂನ್ 3, ಶನಿವಾರ

ಇವತ್ತು ಸಂಜೆ ನಾಲ್ಕಕ್ಕೆ ಮೊಮ್ಮಗಳು ನನ್ನನ್ನು ಕಾಡಿಗೆ ಕರೆದುಕೊಂಡು ಹೋದಳು. ನಾನು ಇಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿಕೊಂಡು, ಅವಳು ಅಲ್ಲಿ ಒಂದು ರಾತ್ರಿ ಪ್ರಯಾಣದಷ್ಟು ದೂರದ ಊರಿನಲ್ಲಿ. ಕಾಡು ಇದ್ದದ್ದು ಫೋನಿನೊಳಗೆ.

ಅಕ್ಕ ಇದ್ದಾಗ ಇಂಥದ್ದನ್ನೆಲ್ಲ ಅವಳಿಗೆ ಕಾಗದದಲ್ಲಿ ಬರೆಯುತ್ತಿದ್ದೆ. ಅವಳು ಹೋಗಿ ವರ್ಷವಾಯಿತು. ವಿಳಾಸ ಹೋಯಿತು, ಬರೆಯುವ ಚಟ ಉಳಿಯಿತು. ಅದಕ್ಕೇ ಈ ನೋಟ್‌ಬುಕ್ಕು.

ಮಗ ಮತ್ತು ಅವನ ಹೆಂಡತಿ ಬೇರೆಯಾಗಿ ಐದು ತಿಂಗಳು. ಮಗ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮೊಮ್ಮಗಳು ಮಿಣುಕಿ ತನ್ನ ತಾಯಿಯ ಜೊತೆ ಹೋದಳು. ಹತ್ತು ವರ್ಷ ಈ ಮನೆಯಲ್ಲಿ ಬೆಳೆದ ಮಗು. ಫೋನ್ ಮಾಡಿದರೆ "ಹೂಂ ಅಜ್ಜಿ," "ಊಟ ಆಯ್ತು ಅಜ್ಜಿ," ಆಮೇಲೆ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ಕೂರುವುದು. ಹೋದ ವಾರ ಅವಳೇ ಅಂದಳು, "ಅಜ್ಜಿ, ಫೋನಲ್ಲಿ ಏನ್ ಮಾತಾಡ್ಬೇಕು ಅಂತ ಗೊತ್ತಾಗಲ್ಲ. ನೀನು ಆಟಕ್ಕೆ ಬಾ. ಆಡ್ತಾ ಆಡ್ತಾ ಮಾತಾಡೋಣ." ಅವಳ ತಾಯಿ ಒಂದು ಗಂಟೆ ಒಪ್ಪಿದ್ದಾಳೆ, ಶನಿವಾರ ನಾಲ್ಕರಿಂದ ಐದು. ಮಗುವಿಗೆ ಇಷ್ಟ ಇರುವವರೆಗೆ ಅಂದಳಂತೆ. ಅಂದರೆ ಮಗುವಿಗೆ ಬೇಸರ ಬಂದ ದಿನ ಅದೂ ಇಲ್ಲ.

ಆಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಮಿಣುಕಿ ಬಿಲ್ಲು ಹಿಡಿದವಳು, ನಾನು ಗುರಾಣಿ ಹಿಡಿದವಳು. ನನಗೆ ಮೊಣಕಾಲಿನವರೆಗೆ ಹಸಿರು ಕೂದಲು ಕೊಟ್ಟಿದ್ದಾಳೆ. ನಿಜವಾದ ತಲೆ ನೋಡಿದ್ದರೆ ಆಟ ಮಾಡಿದವರಿಗೇ ನಾಚಿಕೆಯಾಗುತ್ತಿತ್ತು. ಕೆಲಸ ಮಾಡಿದಷ್ಟೂ ಪಾತ್ರದ ಬಲ ಹೆಚ್ಚುತ್ತದೆ. ಅದಕ್ಕೆ ಲೆವೆಲ್ ಅನ್ನುತ್ತಾಳೆ. ನನಗೆ ಮೆಟ್ಟಿಲು ಅಂದರೆ ಸುಲಭ. ಮಿಣುಕಿ ಎಂಟನೇ ಮೆಟ್ಟಿಲು, ನಾನು ಒಂದು. ಇಬ್ಬರನ್ನೂ ಸೇರಿಸಿ 'ಜೋಡಿ' ಅಂತ ಕಟ್ಟಿದ್ದಾಳೆ.

ಗಂಟೆಯಲ್ಲಿ ಅರ್ಧ ನಾನು ಒಂದು ಮರಕ್ಕೆ ಮುಖ ಒತ್ತಿಕೊಂಡು ನಡೆಯುತ್ತಲೇ ಇದ್ದೆ. "ತಿರುಗು ಅಜ್ಜಿ, ತಿರುಗು! ಅಯ್ಯೋ, ಫೋನ್ ತಿರುಗಿಸ್ಬೇಡ, ಅವಳನ್ನ ತಿರುಗಿಸು!"

ಐದು ತಿಂಗಳ ನಂತರ ಅವಳ ನಗು ಕೇಳಿದೆ.

ಜೂನ್ 5, ಸೋಮವಾರ

ನಾಲ್ಕೂವರೆಗೆ ಎದ್ದೆ. ಆರಕ್ಕೆ ಪಾಳಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷವಾಯಿತು, ಇವತ್ತಿಗೂ ನನಗಿಂತ ಮುಂಚೆ ಬಾಗಿಲು ತೆಗೆದವರಿಲ್ಲ. ವಾರ್ಡುಗಳಿಂದ ಬಂದ ಚೀಲಗಳನ್ನು ಬಿಚ್ಚಿ ಬೇರೆ ಮಾಡಿದೆ. ಡಾಕ್ಟರುಗಳ ಕೋಟಿನ ಜೇಬಲ್ಲಿ ನಾಲ್ಕು ಪೆನ್ನು, ಒಂದು ಬಾಚಣಿಗೆ, ಅರ್ಧ ಬಿಸ್ಕತ್ತು.

ಮೂರು ಯಂತ್ರ. ಒಂದು ಸಲ ಬಟ್ಟೆ ತುಂಬಿಸಿ ಗುಂಡಿ ಒತ್ತಿದರೆ ನಲವತ್ತು ನಿಮಿಷ. ಇಷ್ಟು ವರ್ಷ ಆ ನಲವತ್ತು ನಿಮಿಷದಲ್ಲಿ ಯಾರದಾದರೂ ಕೆಲಸ ಮಾಡಿಕೊಡುತ್ತಿದ್ದೆ. ಇವತ್ತು ಕನ್ನಡಕ ಹಾಕಿಕೊಂಡು ಆಟ ತೆರೆದೆ. ಮರಕ್ಕೆ ಡಿಕ್ಕಿ ಹೊಡೆಯದೆ ಬಾವಿಯವರೆಗೂ ಹೋಗಿ ಬಂದೆ. ಎರಡನೇ ಮೆಟ್ಟಿಲು.

ಜೂನ್ 7, ಬುಧವಾರ

ಇಸ್ತ್ರಿಯಣ್ಣ ನೋಡಿಬಿಟ್ಟ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು, ಆದರೂ ಇಡೀ ಆಸ್ಪತ್ರೆಗೆ ಅವನು ಅಣ್ಣ. ನನ್ನನ್ನು ಅವನು ಅಕ್ಕ ಅನ್ನುತ್ತಾನೆ.

"ಏನಕ್ಕಾ, ಈ ವಯಸ್ಸಲ್ಲಿ ಯಾರಿಗೆ ಮೆಸೇಜು?"

"ಕೆಲಸ ನೋಡ್ಕೋ. ಹಂದಿ ಅಟ್ಟಿಸ್ಕೊಂಡ್ ಬರ್ತಿದೆ."

"ಎಲ್ಲಿ?" ಅಂತ ಪಾಪ, ಬಾಗಿಲ ಕಡೆ ನೋಡಿದ.

ಅವನ ಪಾಲಿನ ತಲೆದಿಂಬಿನ ಚೀಲಗಳನ್ನೂ ನಾನೇ ಮಡಚಿಟ್ಟೆ. ಹೇಗೂ ಕೈ ಖಾಲಿಯಿತ್ತು. ಅವನಿಗೆ ಅಂಚಿಗೆ ಅಂಚು ಸೇರಿಸಲು ಬರುವುದಿಲ್ಲ. ದೊಡ್ಡ ಹಾಸುಬಟ್ಟೆ ಮಡಚಲು ಇಬ್ಬರು ಬೇಕು ಅನ್ನುತ್ತಾರೆ. ನಾನು ಗೋಡೆಗೆ ಒಂದು ಮೊಳೆ ಹೊಡೆದುಕೊಂಡಿದ್ದೇನೆ. ಒಂದು ತುದಿ ಮೊಳೆಗೆ, ಒಂದು ನನ್ನ ಗಲ್ಲದಡಿಗೆ. ಯಾರನ್ನೂ ಕರೆಯಬೇಕಿಲ್ಲ.

ಜೂನ್ 10, ಶನಿವಾರ

ಇವತ್ತು ಮಿಣುಕಿ ಸೇತುವೆ ತೋರಿಸಿದಳು. ಉದ್ದನೆಯ ಸೇತುವೆ, ಅದರ ನಡುವೆ ಒಂದು ಕಲ್ಲಾನೆ. ಹತ್ತಿರ ಹೋದರೆ ಜೀವ ಬಂದು ಸೊಂಡಿಲು ಬೀಸುತ್ತದೆ. ಆಚೆ ದಡದಲ್ಲಿ ಒಂದು ಕೆರೆ ಇದೆಯಂತೆ, ಅದರ ಮೀನುಗಳು ದೀಪದ ಹಾಗೆ ಉರಿಯುತ್ತವಂತೆ. ಮಿಣುಕಿ ಒಬ್ಬಳೇ ಹೋಗಿ ಮೂರು ಸಲ ಸತ್ತಿದ್ದಾಳೆ.

"ಅದನ್ನ ನಾನೂ ನೀನೂ ಸೇರೇ ಹೊಡೀಬೇಕು ಅಜ್ಜಿ. ನೀನು ಮುಂದೆ ಗುರಾಣಿ ಹಿಡಿ, ನಾನು ಹಿಂದಿನಿಂದ ಬಾಣ ಬಿಡ್ತೀನಿ."

"ಆಗ್ಲಿ ಪುಟ್ಟಾ."

ಗುರಾಣಿ ಎತ್ತುವ ಬದಲು ಗುರಾಣಿ ಕೆಳಗಿಡುವ ಗುಂಡಿ ಒತ್ತಿದೆ. ಆನೆ ನನ್ನನ್ನು ದಾಟಿ ಹೋಗಿ ಅವಳನ್ನು ತುಳಿಯಿತು. "ಪರವಾಗಿಲ್ಲ ಅಜ್ಜಿ," ಅಂದಳು. ಅದರ ಹಿಂದೆ ಒಂದು ಸಣ್ಣ ನಿಟ್ಟುಸಿರು. ಅವಳ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಿಡುತ್ತಿದ್ದಳಲ್ಲ, ಥೇಟ್ ಅದೇ.

ಆದರೆ ಮಾತಾಡಿದಳು. ಹೊಸ ಶಾಲೆಯಲ್ಲಿ ಊಟದ ಡಬ್ಬಿ ಒಬ್ಬಳೇ ಕೂತು ತಿನ್ನುತ್ತಾಳೆ. ಕೆಳಗಿನ ಒಂದು ಹಲ್ಲು ಅಲ್ಲಾಡುತ್ತಿದೆ. ಇದೆಲ್ಲ ಹಂದಿ ಬೇಟೆಯ ನಡುವೆ ಹೇಳಿದಳು, ಮುಖ ನೋಡಿದ್ದರೆ ಹೇಳುತ್ತಿರಲಿಲ್ಲವೇನೋ.

ಅಜ್ಜಿ ದಂಡಪಿಂಡ ಅಂತ ಅವಳಿಗೆ ಅನ್ನಿಸಬಾರದು. ಬೇಸರ ಬಂದರೆ ಶನಿವಾರ ಮುಗಿಯಿತು. ಅಭ್ಯಾಸ ಮಾಡಬೇಕು.

ಜೂನ್ 13, ಮಂಗಳವಾರ

ವೇಳಾಪಟ್ಟಿ ಹಾಕಿಕೊಂಡಿದ್ದೇನೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಮೊದಲ ಯಂತ್ರಕ್ಕೆ ನಲವತ್ತು. ಎರಡನೆಯದಕ್ಕೆ ಇಲ್ಲ, ನಡುವಿನ ಯಂತ್ರ ಭಾರ ಹೆಚ್ಚಾದರೆ ಕುಣಿಯುತ್ತದೆ, ಪಕ್ಕದಲ್ಲಿ ನಿಂತಿರಬೇಕು. ಮೂರನೆಯದಕ್ಕೆ ನಲವತ್ತು. ಬಟ್ಟೆ ಒಣಗುವಾಗ ಇಪ್ಪತ್ತೈದು. ಊಟ ನಿಂತುಕೊಂಡೇ.

ಒಂಬತ್ತನೇ ಮೆಟ್ಟಿಲು. ಮಿಣುಕಿಗೆ ಹೇಳಿಲ್ಲ. ಶನಿವಾರ ನೋಡಿ ಬೆರಗಾಗಲಿ.

ಜೂನ್ 17, ಶನಿವಾರ

ಹಾಳಾಯಿತು. ಎರಡು ಗಂಟೆಗೆ ಹೊರಡುವ ಹೊತ್ತಿಗೆ ಮೇಲ್ವಿಚಾರಕಿ ಬಂದು, "ಸಂಜೆ ಪಾಳಿಯವಳು ಬಂದಿಲ್ಲ, ನೀವಿದ್ದೀರಲ್ಲ," ಅಂದಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಬಂದದ್ದೇ ಇಲ್ಲ ಯಾವತ್ತೂ. ಉಗ್ರಾಣದಲ್ಲಿ ಒಗೆದ ಬಟ್ಟೆಯ ರಾಶಿ ಮೇಲೆ ಕೂತು ಆಡಿದೆ. ಮಿಣುಕಿ ಹಲ್ಲು ಬಿದ್ದದ್ದನ್ನು ಹೇಳುತ್ತಿದ್ದಾಗಲೇ ನಡುವಿನ ಯಂತ್ರ ಕುಣಿಯಲು ಶುರು. ಎದ್ದೋಡಿದೆ. ಮತ್ತೆ ಬಂದೆ, ಮತ್ತೆ ಎದ್ದೋಡಿದೆ.

"ಅಜ್ಜಿ, ಇದ್ದೀಯಾ?"

"ಇದ್ದೀನಿ ಪುಟ್ಟಾ, ಹೇಳು."

"ಏನಿಲ್ಲ ಬಿಡು."

ಆನೆಯ ಹತ್ತಿರ ಹೋಗಲಿಲ್ಲ. ಮುಂದಿನ ವಾರ ಖಂಡಿತ ಅಂದಳು. ಅವಳ ದನಿಯಲ್ಲಿ ಖಂಡಿತ ಇರಲಿಲ್ಲ.

ಜೂನ್ 20, ಮಂಗಳವಾರ

ಹದಿನೆಂಟು. ಕತ್ತಿ ಬದಲಾಯಿಸಿದೆ. ಗುರಾಣಿಗೆ ಕಬ್ಬಿಣದ ಪಟ್ಟಿ.

ಜೂನ್ 22, ಗುರುವಾರ

ಕಲ್ಲಾನೆ ಬಿತ್ತು!

ಮೂರನೇ ಯಂತ್ರ ತಿರುಗುತ್ತಿತ್ತು. ಸುಮ್ಮನೆ ಅಭ್ಯಾಸಕ್ಕೆ ಅಂತ ಸೇತುವೆಗೆ ಹೋದೆ. ಸೊಂಡಿಲು ಎತ್ತಿದಾಗ ಎಡಕ್ಕೆ, ಕಾಲೆತ್ತಿದಾಗ ಹಿಂದಕ್ಕೆ. ಯಂತ್ರದ ಸದ್ದಿನ ತಾಳ ಹಿಡಿದುಕೊಂಡೆ. ಮಂಡಿಯೂರಿತು, ಬಿರುಕು ಬಿಟ್ಟಿತು, ಧಡ್ ಅಂತ ಕುಸಿಯಿತು. ನಾನು ಕೂಗಿದ ಕೂಗಿಗೆ ಇಸ್ತ್ರಿಯಣ್ಣ ಓಡಿಬಂದು, "ಯಾರಿಗೇನಾಯ್ತಕ್ಕಾ?" ಅಂದ.

"ಆನೆ ಸತ್ತಿತು!"

"ರಜೆ ಹಾಕಕ್ಕಾ ನೀನು," ಅಂತ ಹೋದ.

ಅಷ್ಟಕ್ಕೇ ಬಿಡಲಿಲ್ಲ. ಆಚೆ ದಡಕ್ಕೆ ಹೋಗಿ ಪೊದೆಗಳನ್ನೆಲ್ಲ ಸವರಿ ದಾರಿ ಮಾಡಿದೆ. ಪೆಟ್ಟಿಗೆಗಳನ್ನು ತೆರೆದು, ಇದ್ದ ಬಾಣಗಳನ್ನೆಲ್ಲ ಮಿಣುಕಿಗೆ ಅಂತ ತೆಗೆದಿಟ್ಟೆ. ಜೋಡಿ ಆಗಿರುವುದರಿಂದ ಗೆಲುವು ಅವಳ ಹೆಸರಿಗೂ ಬಂದಿದೆ. ಮಗು ಬಂದು ಸುಮ್ಮನೆ ನಡೆದುಕೊಂಡು ಹೋಗಿ ಕೆರೆ ನೋಡಬಹುದು. ಒಂದು ಮುಳ್ಳೂ ಚುಚ್ಚುವುದಿಲ್ಲ.

ಶನಿವಾರಕ್ಕೆ ಎರಡೇ ದಿನ. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಜೂನ್ 24, ಶನಿವಾರ

ನಾಲ್ಕಕ್ಕೆ ಸರಿಯಾಗಿ ಬಂದಳು. "ಅಜ್ಜಿ, ಇವತ್ತು ಹೊಡದೇ ಹೊಡೀತೀವಿ. ನಾನು ಒಂದು ಉಪಾಯ ಮಾಡಿದೀನಿ. ಕಾಗದದ ಮೇಲೆ ಚಿತ್ರ ಬರ್ಕೊಂಡಿದೀನಿ, ನೀನು ಎಲ್ಲಿ ನಿಲ್ಬೇಕು, ನಾನು ಎಲ್ಲಿ ನಿಲ್ಬೇಕು, ಎಲ್ಲಾ."

ನಾನು ಬಾಯಿ ಬಿಡಲಿಲ್ಲ. ಸೇತುವೆಯವರೆಗೂ ಅವಳ ಹಿಂದೆಯೇ ಹೋದೆ. ಅಲ್ಲಿ ಕಲ್ಲಿನ ಚೂರುಗಳು ಬಿದ್ದಿದ್ದವು.

"ಆನೆ ಎಲ್ಲಿ?"

"ನೋಡು ಮತ್ತೆ! ನಾನೇ ಹೊಡೆದುಹಾಕ್ದೆ. ನಿನಗೆ ಕಷ್ಟವೇ ಇಲ್ಲ ಈಗ. ಆಚೆ ಬಾ, ಬಾಣ ತೆಗ್ದಿಟ್ಟಿದೀನಿ."

ಅವಳು ಚೂರುಗಳ ನಡುವೆ ಅತ್ತ ಇತ್ತ ನಡೆದಳು. ಒಂದು ಬಾಣ ಬಿಟ್ಟಳು. ಕಲ್ಲಿಗೆ ತಾಗಿ ನೀರಿಗೆ ಬಿತ್ತು.

"ನೀನೊಬ್ಳೇನಾ?"

"ಹೂಂ! ನಿನ್ನಜ್ಜಿ ಅಂದ್ರೆ ಏನಂದ್ಕೊಂಡೆ?"

"ಸೇರಿ ಹೊಡೀಬೇಕು ಅಂದಿದ್ದೆ."

"ನೀನು ಸುಸ್ತಾಗ್ಬಾರ್ದು ಅಂತ ಪುಟ್ಟಾ."

"ನಂಗೆ ಸುಸ್ತಾಗಿರ್ಲಿಲ್ಲ."

ಆಮೇಲೆ ಬಿಲ್ಲು ಹಿಡಿದ ಹುಡುಗಿ ಪರದೆಯಿಂದ ಮಾಯವಾದಳು. ನಾಲ್ಕು ಗಂಟೆ ಒಂಬತ್ತು ನಿಮಿಷ. ಐದರವರೆಗೂ ಸೇತುವೆಯ ಮೇಲೆ ಹಿಂದೆ ಮುಂದೆ ನಡೆಯುತ್ತಲೇ ಇದ್ದೆ.

ಜೂನ್ 25, ಭಾನುವಾರ

ಬಟ್ಟೆ ಒಗೆದೆ. ಮನೆಯದು.

ಜುಲೈ 1, ಶನಿವಾರ

ಮೂರೂಮುಕ್ಕಾಲಿಗೇ ಕೂತೆ. ನಾಲ್ಕು. ನಾಲ್ಕೂಕಾಲು. ಹಸಿರು ಕೂದಲಿನವಳನ್ನು ಸೇತುವೆಯ ಈ ಕಡೆ ನಿಲ್ಲಿಸಿಕೊಂಡಿದ್ದೆ. ಗುಂಡಿ ಒತ್ತದೆ ಬಹಳ ಹೊತ್ತು ಬಿಟ್ಟರೆ ಅವಳು ತಾನಾಗಿಯೇ ಕಾಲು ಬದಲಿಸುತ್ತಾಳೆ, ಆಕಳಿಸುತ್ತಾಳೆ, ಆಮೇಲೆ ಕೂತುಬಿಡುತ್ತಾಳೆ. ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಅವಳನ್ನು ಒಂದು ಕ್ಷಣ ಸುಮ್ಮನೆ ಬಿಟ್ಟಿದ್ದರೆ ತಾನೆ.

ಐದಾಯಿತು. ಬರಲಿಲ್ಲ.

ಮಗನಿಗೆ ಫೋನ್ ಮಾಡಿದೆ. ಯಾವುದೋ ಹೆದ್ದಾರಿಯಲ್ಲಿದ್ದ. "ಆಟ ತಾನೇ ಅಮ್ಮಾ, ಬಿಡು," ಅಂದ.

ಜುಲೈ 2, ಭಾನುವಾರ

ಅವಳಿಗೆ ಫೋನ್ ಮಾಡಿದೆ. ಮಿಣುಕಿಯ ತಾಯಿಗೆ. ಅವಳು ಮನೆ ಬಿಟ್ಟ ಮೇಲೆ ನಾವಿಬ್ಬರು ನೇರವಾಗಿ ಮಾತಾಡಿರಲಿಲ್ಲ. ನಾಲ್ಕು ಸಲ ರಿಂಗಾದ ಮೇಲೆ ಎತ್ತಿದಳು.

"ಹೇಳಿ ಅತ್ತೆ."

ಅತ್ತೆ ಅಂತಲೇ ಅಂದಳು.

"ಮಗುಗೆ ಹುಷಾರಿಲ್ವಾ?"

"ಹುಷಾರಾಗಿದಾಳೆ. ಆಡಲ್ಲ ಅಂದ್ಲು, ನಾನೂ ಬಲವಂತ ಮಾಡ್ಲಿಲ್ಲ."

"ಅವಳಿಗೆ ಸುಲಭ ಆಗ್ಲಿ ಅಂತ ಮಾಡ್ದೆ ಕಣಮ್ಮಾ."

ಆ ಕಡೆಯಿಂದ ನಕ್ಕಳು. ಖುಷಿಯ ನಗು ಅಲ್ಲ, ಜಗಳದ್ದೂ ಅಲ್ಲ. "ಗೊತ್ತು ಅತ್ತೆ. ನನಗೂ ಹನ್ನೊಂದು ವರ್ಷ ಸುಲಭ ಮಾಡ್ಕೊಟ್ರಲ್ಲ. ನಾನು ಏಳೋದ್ರೊಳಗೆ ಅಡುಗೆ ಆಗಿರೋದು. ನಾನು ಬಾಚಣಿಗೆ ಹುಡುಕೋದ್ರೊಳಗೆ ಮಗುಗೆ ಜಡೆ ಹಾಕಿರೋರು. ನಾನು ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚೋರು."

"ನಿನಗೆ ಕಷ್ಟ ಆಗ್ಬಾರ್ದು ಅಂತ..."

"ನನಗೆ ಸ್ವಲ್ಪ ಕಷ್ಟ ಬೇಕಿತ್ತು ಅತ್ತೆ."

ಅವಳೇ ಮುಂದುವರಿಸಿದಳು. "ಅವಳು ಕ್ಲಾಸಲ್ಲಿ ಎಲ್ಲರ ಹತ್ರಾನೂ ಹೇಳ್ಕೊಂಡಿದ್ಲು, ನಾನೂ ನಮ್ಮಜ್ಜಿನೂ ಸೇರಿ ಕಲ್ಲಾನೆ ಹೊಡೀತೀವಿ ಅಂತ. ಹೊಸ ಸ್ಕೂಲು. ಹೇಳ್ಕೊಳ್ಳೋಕೆ ಅವಳ ಹತ್ರ ಅದೊಂದೇ ಇದ್ದಿದ್ದು."

"ಈಗೇನು ಮಾಡ್ಲಿ?"

"ನನ್ನ ಕೇಳ್ತೀರಾ?" ಅಂದಳು, ನಿಜವಾಗಿ ಆಶ್ಚರ್ಯಪಟ್ಟು. ಆಮೇಲೆ, "ನನಗೂ ಗೊತ್ತಿಲ್ಲ ಅತ್ತೆ. ಆದ್ರೆ ನಾನು ತಡೆಯಲ್ಲ. ಶನಿವಾರ ನಿಮ್ಮದೇ."

ಜುಲೈ 3, ಸೋಮವಾರ

ಬೆಳಿಗ್ಗೆಯಿಂದ ಅವಳ ಜೊತೆ ಮನಸ್ಸಿನಲ್ಲೇ ಜಗಳ. ನಾನೇನು ಕೆಟ್ಟದ್ದು ಮಾಡಿದೆ? ಯಾವ ಅತ್ತೆ ನಾಲ್ಕೂವರೆಗೆ ಎದ್ದು ಸೊಸೆಗೆ ಡಬ್ಬಿ ಕಟ್ಟುತ್ತಾಳೆ? ಪಾಳಿಗೆ ಹೋಗುವ ಮುಂಚೆ ಯಾವ ಅಜ್ಜಿ ಅರ್ಧ ನಿದ್ದೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಾಳೆ? ಮಡಚಿದ ಬಟ್ಟೆ ಬಿಚ್ಚಿ ಮತ್ತೆ ಮಡಚುತ್ತಿದ್ದೆನಂತೆ.

ಮಡಚುತ್ತಿದ್ದೆ. ಅಂಚು ಸೇರುತ್ತಿರಲಿಲ್ಲ.

ಅವಳು ನೋಡುತ್ತಿದ್ದಳು ಅಂತ ಗೊತ್ತಿರಲಿಲ್ಲ, ಅಕ್ಕಾ.

ಜುಲೈ 5, ಬುಧವಾರ

ಆಟದ ಸಹಾಯದ ಪುಟಗಳನ್ನು ಓದಿದೆ. ಹದಿನಾಲ್ಕು ಪುಟ, ಅಕ್ಷರವೋ ಇರುವೆ ಸಾಲು. ಗೆದ್ದದ್ದನ್ನು ಗೆದ್ದಿಲ್ಲ ಅನ್ನಿಸಲು ಬರುವುದಿಲ್ಲ. ಆದರೆ ಹೊಸ ಜೋಡಿ ಕಟ್ಟಿದರೆ ಆ ಜೋಡಿಗೆ ಸೇತುವೆ ಮೇಲೆ ಕಲ್ಲಾನೆ ಮತ್ತೆ ಎದ್ದು ನಿಲ್ಲುತ್ತದೆ. ಅದಕ್ಕೆ ಇಬ್ಬರಲ್ಲಿ ಒಬ್ಬರು ಹಳೆಯ ಪಾತ್ರವನ್ನು ಅಳಿಸಿ ಹೊಸದಾಗಿ ಹುಟ್ಟಬೇಕು. ಮೊದಲ ಮೆಟ್ಟಿಲಿಂದ.

ಹಸಿರು ಕೂದಲಿನವಳು ಇಪ್ಪತ್ತೇಳನೇ ಮೆಟ್ಟಿಲಲ್ಲಿದ್ದಳು. ಎಷ್ಟು ಹಾಸುಬಟ್ಟೆ ಒಗೆದ ಹೊತ್ತು ಅದು! ಖಚಿತವೇ ಅಂತ ಆಟ ಕೇಳಿತು. ಹೌದು ಅಂದೆ. ಎಲ್ಲವೂ ಹೋಗುತ್ತದೆ, ಖಚಿತವೇ ಅಂತ ಮತ್ತೆ ಕೇಳಿತು. ಇಸ್ತ್ರಿಯಣ್ಣನನ್ನು ಕರೆದೆ.

"ಇದನ್ನ ಒತ್ತು."

"ಏನಿದು?"

"ಒತ್ತೋ ಅಂದ್ರೆ."

ಒತ್ತಿದ. "ಏನಾದ್ರೂ ಹಾಳಾಯ್ತಾ ಅಕ್ಕಾ?"

"ಆಗ್ಲಿ ಬಿಡು."

ಮುಖ ನೋಡಿ ಏನನ್ನಿಸಿತೋ, ಅಲ್ಲೇ ನಿಂತ. ಮಡಚಬೇಕಾದ ರಾಶಿಯಿಂದ ಒಂದು ಹಾಸುಬಟ್ಟೆಯ ಎರಡು ತುದಿ ಎತ್ತಿ ನನ್ನ ಕಡೆ ಚಾಚಿದ. ಮೊಳೆ ಅಲ್ಲೇ ಇತ್ತು. ಆದರೂ ತುದಿ ಹಿಡಿದುಕೊಂಡೆ. ಇಪ್ಪತ್ತೋ ಮೂವತ್ತೋ ಮಡಚಿದೆವು. ಒಂದರ ಅಂಚೂ ನೆಟ್ಟಗಿಲ್ಲ. ವಾರ್ಡಿಗೆ ಹೋದವು ಹಾಗೇ.

ಮಿಣುಕಿಗೆ ಆಟದೊಳಗಿನ ಓಲೆ ಕಳಿಸಿದೆ: 'ನಿನ್ನ ಆನೆಯನ್ನು ನಾನು ಹೊಡೆಯಬಾರದಿತ್ತು. ಹಳೇ ಅಜ್ಜಿಯನ್ನು ಅಳಿಸಿದೆ. ಹೊಸಬಳಿಗೆ ಏನೂ ಬರುವುದಿಲ್ಲ. ಬಾವಿಯ ಹತ್ತಿರ ನಿಂತಿದ್ದಾಳೆ.'

ಜುಲೈ 6, ಗುರುವಾರ

ಉತ್ತರವಿಲ್ಲ. ಮೂರನೇ ಯಂತ್ರದ ಮುಂದೆ ನಲವತ್ತು ನಿಮಿಷ ಕೈ ಕಟ್ಟಿ ಕೂತೆ. ಬೆರಳು ತುರಿಸುತ್ತದೆ. ಬರೀ ಎರಡನೇ ಮೆಟ್ಟಿಲು, ಒಂದು ಹಂದಿ, ಯಾರಿಗೆ ತಿಳಿಯುತ್ತದೆ? ಫೋನನ್ನು ಇಸ್ತ್ರಿಯಣ್ಣನ ಜೇಬಿಗೆ ಹಾಕಿದೆ.

ಗಾಜಿನ ಬಾಗಿಲೊಳಗೆ ಬಿಳಿ ಬಟ್ಟೆ ಸುತ್ತುವುದನ್ನು ಇಪ್ಪತ್ತಾರು ವರ್ಷದಲ್ಲಿ ಪೂರ್ತಿ ನೋಡಿರಲಿಲ್ಲ. ಮೊದಲು ನೊರೆ, ಆಮೇಲೆ ಎಲ್ಲ ಒಂದೇ ಮುದ್ದೆ, ಕೊನೆಗೆ ಗೋಡೆಗೆ ಅಂಟಿಕೊಂಡು ನಡುವೆ ಖಾಲಿ.

ಜುಲೈ 7, ಶುಕ್ರವಾರ

ಇಲ್ಲ.

ಜುಲೈ 8, ಶನಿವಾರ

ಎರಡು ಗಂಟೆಗೆ ಮೇಲ್ವಿಚಾರಕಿ ಬಂದಳು. "ನೀವಿದ್ದೀರಲ್ಲ," ಅಂದಳು. "ಇವತ್ತು ಇಲ್ಲ," ಅಂದೆ. ಇನ್ನೊಂದು ರಾಶಿ ಮಡಚುವುದಿತ್ತು, ಬಿಟ್ಟು ಬಸ್ಸು ಹಿಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು.

ನಾಲ್ಕು ಗಂಟೆ. ಹೊಸಬಳಿಗೆ ಮೋಟು ಕೂದಲು, ಮರದ ಗುರಾಣಿ. ಬಾವಿಯ ಹತ್ತಿರ ನಿಂತು ಆಕಳಿಸಿದಳು, ಕೂತಳು. ನಾಲ್ಕು ಹತ್ತು. ನಾಲ್ಕು ಹದಿನೈದು. ಹೋಗಲಿ, ಮಗು ಅಲ್ಲಿ ಹೊರಗೆ ಯಾರ ಜೊತೆಗಾದರೂ ಆಡುತ್ತಿದ್ದರೆ ಅದೂ ಒಳ್ಳೆಯದೇ ಅಂದುಕೊಂಡೆ. ಅದನ್ನು ನಂಬಲು ಪ್ರಯತ್ನಪಡುತ್ತಿದ್ದಾಗ ಬೇಲಿಯ ಹಿಂದಿನಿಂದ ಬಿಲ್ಲು ಹಿಡಿದವಳು ಬಂದಳು. ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದಳು.

"ನಿಜವಾಗ್ಲೂ ಒಂದನೇ ಲೆವೆಲ್ಲಾ?"

"ನಿಜವಾಗ್ಲೂ."

"ಒಂದು ಹಂದೀನೂ ಹೊಡ್ದಿಲ್ವಾ?"

"ಒಂದೂ ಇಲ್ಲ. ಬೇಕಾದ್ರೆ ಇಸ್ತ್ರಿಯಣ್ಣನ್ನ ಕೇಳು."

"ಯಾರದು?"

ಹೇಳಿದೆ. ಆನೆ ಸತ್ತಿತು ಅಂತ ಕೂಗಿದ್ದು, ಅವನು ರಜೆ ಹಾಕು ಅಂದದ್ದು. ಆ ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು, "ಆ ದಿನ ನಾನು ತುಂಬಾ ಅತ್ಬಿಟ್ಟೆ ಅಜ್ಜಿ," ಅಂದಳು.

"ಗೊತ್ತು ಪುಟ್ಟಾ."

"ಸರಿ, ಹೊಸ ಜೋಡಿ ಕಟ್ಟಿದೀನಿ, ಬಾ. ನನ್ ಹಿಂದೇನೇ ಬರ್ಬೇಕು. ಮುಂದೆ ಹೋಗೋ ಹಾಗಿಲ್ಲ."

ಹಿಂದೆಯೇ ಹೋದೆ. ದಾರಿಯ ಹಂದಿಗಳನ್ನು ಅವಳು ಹೊಡೆದಳು, ಒಂದನ್ನು ಮಾತ್ರ ನನಗೆ ಬಿಟ್ಟಳು. ಅದು ನನ್ನನ್ನು ಬೇಲಿಯವರೆಗೆ ತಳ್ಳಿಕೊಂಡು ಹೋಯಿತು. ಅವಳು ನಕ್ಕು ನಕ್ಕು ಕೆಮ್ಮಿದಳು. ಸೊಸೆ ನೀರು ತಂದುಕೊಟ್ಟದ್ದು ಕೇಳಿಸಿತು. "ಯಾಕೇ, ಏನಾಯ್ತು?" "ಅಜ್ಜಿಗೆ ಏನೂ ಬರಲ್ಲಮ್ಮಾ!" ಸೊಸೆಯೂ ನಕ್ಕಳು ಅನ್ನಿಸುತ್ತದೆ. ನಲ್ಲಿಯ ಸದ್ದೂ ಇರಬಹುದು.

ಸೇತುವೆಯ ಮೇಲೆ ಕಲ್ಲಾನೆ ನಿಂತಿತ್ತು. ಮೂರು ಸಲ ಕಾದಾಡಿದೆವು, ಮೂರು ಸಲವೂ ಸೋತೆವು. ಆನೆ ಈಗಲೂ ಅಲ್ಲೇ ಇದೆ. ಐದಕ್ಕೆ ಸರಿಯಾಗಿ ಆಟ ಮುಗಿಯಿತು. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನಿಲ್ಲ. ಆದರೂ ಎರಡನೆಯ ಸಲದ್ದನ್ನು ಬರೆದಿಡಬೇಕು ಅನ್ನಿಸಿತು.

ಆನೆ ಬೀಸಿದ ಸೊಂಡಿಲಿಗೆ ನನ್ನ ಮರದ ಗುರಾಣಿ ಚೂರಾಗಿ, ನಾನು ಅಂಗಾತ ಬಿದ್ದೆ. ಪರದೆ ತುಂಬ ಆಕಾಶ. ಕೆಳಗೆ ಎರಡು ಗುಂಡಿ ಬಂದವು. ಒಂದರಲ್ಲಿ 'ನೀವೇ ಏಳಿ'. ಇನ್ನೊಂದರಲ್ಲಿ 'ಸಂಗಾತಿಗಾಗಿ ಕಾಯಿರಿ', ಪಕ್ಕದಲ್ಲಿ ಅರವತ್ತರಿಂದ ಇಳಿಯುತ್ತಿದ್ದ ಅಂಕಿ. ಹಳೆಯವಳು ನೂರು ಸಲ ಬಿದ್ದಿದ್ದಳು, ನೂರು ಸಲವೂ ಮೊದಲನೆಯದನ್ನು ಒತ್ತಿದ್ದೆ. ಎರಡನೆಯದೊಂದಿದೆ ಅಂತ ಇವತ್ತೇ ಕಣ್ಣಿಗೆ ಬಿದ್ದದ್ದು. ಒತ್ತಿದೆ. ಆನೆಯ ಹೆಜ್ಜೆಗೆ ಸೇತುವೆ ನಡುಗುತ್ತಿತ್ತು. ನಲವತ್ತು. ಮೂವತ್ತೆರಡು. ಹೆಬ್ಬೆರಳು ತಾನಾಗಿಯೇ ಮೊದಲನೇ ಗುಂಡಿಯ ಕಡೆ ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ.

"ಎದ್ದೇಳ್ಬೇಡ ಅಜ್ಜಿ!" ಏದುಸಿರು ಬಿಡುತ್ತಾ ಕೂಗಿದಳು. "ಹಾಗೇ ಇರು, ನಾನ್ ಬರ್ತಿದೀನಿ!"

ಹಾಗೇ ಇದ್ದೆ.